ಹಸಿ ಕಸ, ಒಣ ಕಸ ಮತ್ತು ನಿಟ್ಟೂರು

ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಹತ್ತಿರ ದಿನಕ್ಕೆ ಮೂರೇ ಮಾತು (ಕಾಫಿ ಆರ್ತಿದೆ, ಊಟಕ್ಕೇಳಿ, ಗೇಟ್ ಹಾಕಿದ್ರಾ) ಆಡುವ ಹೆಂಡತಿ, ಕಸ ಒಯ್ಯಲು ಬರುವ ತಿಪ್ಪಮ್ಮನ ಹತ್ತಿರ ಗೇಟಿಗೆ ಒರಗಿಕೊಂಡು ಅರ್ಧ ಗಂಟೆ ಹರಟುತ್ತಾಳೆಂದರೆ ಇದೆಂಥ ನ್ಯಾಯ? ನಿವೃತ್ತ ಗುಮಾಸ್ತ ಷಡಕ್ಷರಿಯವರ ಅಳಲು ಇದು. ಅದಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ಬೇರೆ!

ಅದು ಎರಡು ಸಾವಿರದ ನಾಲ್ಕನೇ ಇಸವಿ. ತುಮಕೂರಿನ ಅವರ ಬೀದಿಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿಟ್ಟರೆ ಮಹಿಳಾ ಸಂಘದವರು ತಳ್ಳುಗಾಡಿಯಲ್ಲಿ ಒಯ್ಯುವ ಏರ್ಪಾಡು ಶುರುವಾಗಿ ಆರು ತಿಂಗಳಾಗಿತ್ತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ದುಡ್ಡು ನಿಲ್ಲಿಸಿ, ಖಾಲಿ ಸೈಟಿಗೆ ಎಸೆಯುವ ಸನಾತನ ಪದ್ಧತಿಗೆ ಮರಳಿದ್ದರು. ಷಡಕ್ಷರಿಯವರ ಹೆಂಡತಿ ಸರ್ವಮಂಗಳಮ್ಮ ಮಾತ್ರ ಬೆಳ್ಳುಳ್ಳಿ ಸಿಪ್ಪೆಗೂ ಬಿಸ್ಕತ್ತಿನ ಕವರಿಗೂ ಮಡಿ-ಮೈಲಿಗೆ ಪಾಲಿಸುತ್ತಿದ್ದರು.

ಒಂದು ದಿನ ಕಾವ್ಯ ಎಂಬ ಕಾಲೇಜು ಹುಡುಗಿ ಫಾರಂ ಹಿಡಿದು ಬಂದಳು. ಕಸಕ್ಕೆ ಯಾರು, ಯಾಕೆ ದುಡ್ಡು ಕೊಡುತ್ತಾರೆ ಎಂಬುದೇ ಅವಳ ಸಂಶೋಧನೆ.

“ಆಂಟಿ, ತಿಂಗಳಿಗೆ ಎಷ್ಟರವರೆಗೆ ಕೊಡ್ತೀರಾ?”

“ನೂರಾದ್ರೂ ಕೊಡ್ತೀನಿ ಕಣಮ್ಮ.”

ಷಡಕ್ಷರಿಯವರ ಕೈಲಿದ್ದ ಪೇಪರು ಜಾರಿತು. “ನೂರಾ? ಕಸಕ್ಕಾ? ನಿಂಗೇನು ತಲೆಗಿಲೆ ಕೆಟ್ಟಿದ್ಯೇನೇ?”

“ಕಾರಣ ಏನ್ ಬರೀಲಿ ಆಂಟಿ? ಆರೋಗ್ಯನಾ, ಪರಿಸರನಾ?”

“ನಿಟ್ಟೂರು ಅಂತ ಬರಿ. ಅದು ನನ್ನ ತವರು. ತಿಪ್ಪಮ್ಮನೂ ಅಲ್ಲಿಯೋಳೇ, ವಾರವಾರ ಹೋಗಿ ಬರ್ತಾಳೆ.”

ಫಾರಮ್ಮಿನಲ್ಲಿ ನಿಟ್ಟೂರಿಗೆ ಜಾಗವಿರಲಿಲ್ಲ. ಕಾವ್ಯ ‘ಇತರೆ’ ಎಂಬಲ್ಲಿ ಗುರುತು ಹಾಕಿಕೊಂಡು ಹೋದಳು.

ನೂರು ರೂಪಾಯಿ ಬೆಲೆಬಾಳುವ ಮಾತು ಯಾವುದಪ್ಪಾ ನೋಡೇಬಿಡೋಣ ಎಂದು ಮಾರನೆಯ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಷಡಕ್ಷರಿಯವರೇ ಎರಡೂ ಬಕೆಟ್ ಹಿಡಿದು ಗೇಟಿಗೆ ನಡೆದರು.

“ಅಕ್ಕ ಎಲ್ಲಿ ಯಜಮಾನ್ರೆ?” ತಿಪ್ಪಮ್ಮನ ಮುಖ ಪೆಚ್ಚಾಯಿತು. “ಅವರವ್ವ ನೆಟ್ಟಿದ್ ನುಗ್ಗೆಮರ ಈ ಸಲ ಬೋ ಕಾಯಿ ಬುಟ್ಟದೆ ಅಂತ ಹೇಳ್ಬೇಕಿತ್ತು. ಮನೆ ಕೊಂಡೋರು ಮರ ಕಡ್ದಿಲ್ಲ ಬುಡಿ, ಪುಣ್ಯ. ಅಕ್ಕ ದಿನಾ ಅದನ್ನೇ ಕೇಳ್ತಾರೆ.”

“ದಿನಾನಾ?”

“ಊಂ. ಊರು ನೋಡಿ ಹನ್ನೊಂದು ವರ್ಸ ಆಯ್ತಂತಲ್ಲ! ಕೇಳ್ದಾಗೆಲ್ಲ ನೀವು ಮುಂದಿನ ತಿಂಗ್ಳು, ಮುಂದಿನ ತಿಂಗ್ಳು ಅಂತೀರಂತೆ. ರೈಲಲ್ಲಿ ಒಂದ್ ಗಂಟೆ ದಾರಿ ಯಜಮಾನ್ರೆ!”

ಷಡಕ್ಷರಿಯವರು ಖಾಲಿ ಬಕೆಟ್ ಹಿಡಿದು ಒಳಗೆ ಬಂದರು. ಬರುವಾಗಲೇ ಒಂದು ಆಸೆ ಹುಟ್ಟಿತು. ಮದುವೆಯಾದ ಹೊಸದರಲ್ಲಿ ಮಂಗಳಾ ಆ ನುಗ್ಗೆಮರದ ಸುದ್ದಿಯನ್ನೆಲ್ಲ ತಮಗೇ ಹೇಳಲು ಬರುತ್ತಿದ್ದಳು. ತಾವೇ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಒಂದು ಗಂಟೆ ರೈಲಿನಲ್ಲಿ ಅಕ್ಕಪಕ್ಕ ಕೂತರೆ ಮತ್ತೆ ಹೇಳಿಯಾಳು.

ಹೆಂಡತಿ ಸ್ನಾನ ಮುಗಿಸಿ ಬರುತ್ತಲೇ ಹೇಳಿದರು: “ಮಂಗಳಾ, ಈ ಭಾನುವಾರ ನಿಟ್ಟೂರಿಗೆ ಹೋಗೋಣ ಕಣೇ.”

“ನಿಜವಾಗ್ಲೂ ಏನ್ರೀ?” ಸರ್ವಮಂಗಳಮ್ಮನ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಅಂದರು: “ಹಂಗಾದ್ರೆ ತಿಪ್ಪಮ್ಮಂಗೂ ಒಂದ್ ಟಿಕೆಟ್ ತಗೊಳ್ಳಿ.”

ಭಾನುವಾರ ರೈಲಿನಲ್ಲಿ ಅಕ್ಕಪಕ್ಕ ಕೂತವರು ಹೆಂಡತಿ ಮತ್ತು ತಿಪ್ಪಮ್ಮ. ಗುಬ್ಬಿ ದಾಟಿದರೂ ಅವರ ಮಾತು ನಿಲ್ಲಲಿಲ್ಲ. ಎದುರಿನ ಸೀಟಿನಲ್ಲಿ ಷಡಕ್ಷರಿಯವರು, ತೊಡೆಯ ಮೇಲೆ ಹೆಂಡತಿ ಕೊಟ್ಟ ಎರಡು ಖಾಲಿ ಕವರು ಇಟ್ಟುಕೊಂಡು, ಕಡಲೆಕಾಯಿ ಬಿಡಿಸಿ ಇಬ್ಬರಿಗೂ ಕೊಡುತ್ತಾ ಕಾದರು. ನಿಟ್ಟೂರು ಇನ್ನೇನು ಬಂತು ಎನ್ನುವಾಗ ಸರ್ವಮಂಗಳಮ್ಮ ಮೆಲ್ಲಗೆ ಇತ್ತ ತಿರುಗಿದರು.

“ರೀ...”

ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! ಷಡಕ್ಷರಿಯವರು ಮುಂದಕ್ಕೆ ಬಾಗಿದರು. “ಹೇಳೇ, ಹೇಳು ಮಂಗಳಾ.”

“ಸಿಪ್ಪೆ ಹಸಿ ಕಸ ಕಣ್ರೀ. ಆ ಕವರಿಗೆ ಹಾಕಿ.”