ಎದುರು ಮಾತಿಗೊಬ್ಬ ಬೇಕಿತ್ತು

ನಿತಿನನ ಕಷ್ಟಗಳಿಗೆಲ್ಲ ಮೂಲ ಒಂದೇ. ಅವನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬರ್ಮಿಂಗ್‌ಹ್ಯಾಮಿಗೆ ಲೋಹಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಬಂದ ಈ ಮಹಾನುಭಾವ, ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಯಾರು ಮನವಿಪತ್ರ ಹಿಡಿದು ಬಂದರೂ ಸಹಿ ಹಾಕಿ ಕಳಿಸುತ್ತಿದ್ದ. ಸಮುದ್ರದ ಮೀನು ಉಳಿಸಿ ಎಂದವರಿಗೂ ಹಾಕಿದ್ದ, ಕ್ಯಾಂಟೀನಿನಲ್ಲಿ ವಾರಕ್ಕೆರಡು ದಿನ ಮೀನು ಕೊಡಿ ಎಂದವರಿಗೂ ಹಾಕಿದ್ದ. ತಾನು ಮೀನು ಮುಟ್ಟುವವನೇ ಅಲ್ಲ ಎಂಬುದು ಬೇರೆ ವಿಚಾರ.

2002ರ ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಅವನು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದಾಗ ರೋಸಲಿಂಡ್ ಒಳಗೆ ಬಂದಳು. ಈಕೆ ನಿವಾಸಿಗಳ ಸಮಿತಿಯ ಅಧ್ಯಕ್ಷೆ. ಕೋಟಿನ ಮೇಲೆ ಹನ್ನೊಂದು ಬ್ಯಾಡ್ಜು, ಒಂದೊಂದು ಬ್ಯಾಡ್ಜಿಗೂ ಒಂದೊಂದು ಹೋರಾಟ. ಅವಳ ಮುಂದೆ ನಿತಿನ್ ಮಾತಿಗೆ ಮೊದಲೇ ತಲೆಯಾಡಿಸುತ್ತಿದ್ದ. ಯಾಕೆಂದರೆ ಜನವರಿಗೆ ಅವನ ಹೆಂಡತಿ ಚಂಪಾ ಬರುವವಳಿದ್ದಳು. ಗಂಡಹೆಂಡಿರಿಗೆಂದು ಖಾಲಿಯಿದ್ದದ್ದು ಆಚೆ ಬೀದಿಯ ಒಂದೇ ಒಂದು ಫ್ಲ್ಯಾಟು. ಅದಕ್ಕೆ ಸಮಿತಿಯ ಅಧ್ಯಕ್ಷರ ಶಿಫಾರಸು ಬೇಕು. ಮದುವೆಯಾಗಿ ಹತ್ತೇ ದಿನಕ್ಕೆ ವಿಮಾನ ಹತ್ತಿದವನು ಬೇರೆ. ಭಾನುವಾರ ತಪ್ಪಿದರೂ ಫೋನಿನಲ್ಲಿ ಚಂಪಾಳ ಪ್ರಶ್ನೆ ತಪ್ಪುತ್ತಿರಲಿಲ್ಲ. “ಮನಿ ಸಿಕ್ಕತೇನ್ರಿ? ಇಲ್ಲಾಂದ್ರ ನಾ ಬಂದು ನಿಮ್ಮ ಕಪಾಟಿನ್ಯಾಗ ಮಲಗಬೇಕೇನು?”

“ನಿತಿನ್, ಸಂಜೆ ಐದಕ್ಕೆ ಕಾಮನ್ ರೂಮಲ್ಲಿ ಮುಕ್ತ ಚರ್ಚೆ,” ಎಂದಳು ರೋಸಲಿಂಡ್. ಆಡಿದ್ದು ಇಂಗ್ಲಿಷೇ ಅನ್ನಿ. “ಡೇನಿಯಲ್ ವಿಷಯ.”

ಡೇನಿಯಲ್ ಎಂದರೆ ನಿತಿನನ ಪಕ್ಕದ ರೂಮಿನವನು, ಅಡುಗೆಮನೆಯ ಜೊತೆಗಾರ. ಯಹೂದಿ, ಅದೂ ಆಚಾರವಂತ. ಹಾಲಿಗೆ ನೀಲಿ ಪಾತ್ರೆ, ಮಾಂಸಕ್ಕೆ ಕೆಂಪು ಪಾತ್ರೆ. ಒಂದರ ಸೌಟು ಇನ್ನೊಂದಕ್ಕೆ ತಾಗಕೂಡದು. ಇಡೀ ಹಾಸ್ಟೆಲ್ಲಿಗೆ ಇದು ಒಗಟಾಗಿತ್ತು. ಮುಸುರೆ, ಮಡಿ ಎಂದು ಬೈಸಿಕೊಂಡೇ ಬೆಳೆದಿದ್ದ ನಿತಿನನಿಗೆ ಮಾತ್ರ ಮೊದಲ ದಿನವೇ ಅರ್ಥವಾಗಿ, ಅಂದಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ.

ಈ ಡೇನಿಯಲ್ ಸಮಿತಿಯ ಕಾರ್ಯದರ್ಶಿ ಸ್ಥಾನಕ್ಕೆ ಹೆಸರು ಕೊಟ್ಟಿದ್ದ. ಬೇರೆ ಯಾರೂ ಕೊಟ್ಟಿರಲಿಲ್ಲ. ಅಷ್ಟರಲ್ಲಿ ರೋಸಲಿಂಡ್ ಒಂದು ಹೇಳಿಕೆ ಬರೆದು ತಂದಳು: ಇಸ್ರೇಲ್ ಸರ್ಕಾರ ಮಾಡಿದ್ದೆಲ್ಲವನ್ನೂ ಖಂಡಿಸುತ್ತೇನೆಂದು ಡೇನಿಯಲ್ ಮೊದಲು ಸಹಿ ಹಾಕಬೇಕು. ಅವನು ನಕ್ಕುಬಿಟ್ಟ. “ನಮ್ಮಜ್ಜ ಲೀಡ್ಸ್‌ನಲ್ಲಿ ಕೋಟು ಹೊಲೀತಿದ್ದೋರು. ಆ ಸರ್ಕಾರದ ಮೇಲೆ ನನಗೂ ನೂರು ತಕರಾರಿದೆ, ಟೀ ಕುಡೀತಾ ಕೇಳು, ಹೇಳ್ತೀನಿ. ಆದರೆ ಅಡುಗೆಮನೆ ಪಾಳಿ ಬರೆಯೋಕೆ ಆ ಸಹಿ ಯಾಕೆ? ಬೇರೆ ಯಾರನ್ನೂ ಕೇಳದೆ ನನ್ನೊಬ್ಬನನ್ನೇ ಯಾಕೆ?” ಸಹಿ ಹಾಕಲಿಲ್ಲ. ಇಂಥವನು ಕಾರ್ಯದರ್ಶಿಯಾಗಲು ಯೋಗ್ಯನೇ ಎಂಬುದು ಸಂಜೆಯ ಚರ್ಚೆ.

“ತೊಂದರೆ ಏನಪ್ಪಾ ಅಂದರೆ, ಎಲ್ಲರದೂ ಒಂದೇ ಅಭಿಪ್ರಾಯ,” ಎಂದಳು ರೋಸಲಿಂಡ್. “ಎದುರು ಮಾತಾಡೋಕೆ ಒಬ್ಬನಾದರೂ ಇಲ್ಲದಿದ್ದರೆ ಅದು ಮುಕ್ತ ಚರ್ಚೆ ಹೇಗಾಗತ್ತೆ? ಹತ್ತು ನಿಮಿಷ ನೀನು ಡೇನಿಯಲ್ ಪರ ಮಾತಾಡು.”

“ನಾನಾ?”

“ಸುಮ್ಮನೆ, ಶಾಸ್ತ್ರಕ್ಕೆ. ನೀನು ಸೋಲೋದು ಹೇಗೂ ಖಂಡಿತ. ನಿನ್ನ ಫ್ಲ್ಯಾಟಿನ ಅರ್ಜಿ ನನ್ನ ಹತ್ತಿರವೇ ಇದೆ, ನಾಳೆ ಬರೆದುಬಿಡ್ತೀನಿ.”

ನಿತಿನ್ ಎಂದಿನಂತೆ ಹೂಂ ಅಂದ. ಉಪ್ಪಿಟ್ಟು ತಳ ಹಿಡಿಯಿತು.

ಹತ್ತು ಗಂಟೆಗೆಲ್ಲ ನೋಟಿಸ್ ಬೋರ್ಡಿನ ಮೇಲೆ ‘ಡೇನಿಯಲ್ ಪರ: ನಿತಿನ್’ ಎಂದು ದಪ್ಪಕ್ಷರದಲ್ಲಿ ಬಿದ್ದಿತ್ತು. ಇದು ಶಾಸ್ತ್ರಕ್ಕೆ ಎಂದು ಬೋರ್ಡಿನ ಮೇಲೆ ಯಾರೂ ಬರೆದಿರಲಿಲ್ಲ. ಲ್ಯಾಬಿಗೆ ಹೋದರೆ ಇಟಲಿಯ ಮಾರ್ಕೊ ಅತ್ತಿತ್ತ ನೋಡಿ, ನಾಲ್ಕು ಜನಕ್ಕೆ ಕೇಳುವಂತೆ, “ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ!” ಎಂದು ಕೂಗಿದ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಕೂತರೆ ಮೇಜಿನಲ್ಲಿದ್ದ ಐದು ಜನ ಒಟ್ಟಿಗೆ ಎದ್ದರು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಹೊಟ್ಟೆ ತುಂಬಿದ್ದು ವಿಶೇಷ. ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಗೆ ಹೋದರೆ ಸ್ಕಾಟ್ಲೆಂಡಿನ ಫಿಯೋನಾ ಅವನ ಒದ್ದೆ ಬಟ್ಟೆಯನ್ನು ಮಷೀನಿನಿಂದ ತೆಗೆದು ನೆಲದ ಮೇಲಿಟ್ಟು, “ತಟಸ್ಥವಾಗಿರೋದೂ ಒಂದು ಅಪರಾಧ,” ಎಂದಳು. ತಾನು ತಟಸ್ಥನೋ ಪಕ್ಷಪಾತಿಯೋ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಕೊನೆಗೆ ಹಾರ್ಬೋರ್ನ್ ಬಡಾವಣೆಯ ಡಾಕ್ಟರ್ ದತ್ತಾತ್ರೇಯರಿಗೆ ಫೋನು ಹಚ್ಚಿದ. ಮೈಸೂರು ಕಡೆಯ ಹಿರಿಯರು. ಯುಗಾದಿಗೆ ಕರೆದು ಊಟ ಹಾಕುತ್ತಿದ್ದರು, ಊಟದ ಜೊತೆ ಸಲಹೆಯನ್ನೂ ಬಡಿಸುತ್ತಿದ್ದರು.

“ಅಲ್ಲ ಕಣಯ್ಯಾ, ಓದೋಕೆ ಬಂದೋನಿಗೆ ಇದೆಲ್ಲ ಯಾಕೆ ಬೇಕಿತ್ತು?” ಎಂದರು ಡಾಕ್ಟರು. “ಒಪ್ಕೊಂಡಾಯ್ತಲ್ಲ, ಮಾತಾಡು. ಆದರೆ ಏನೂ ಹೇಳಬೇಡ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹದಿನೆಂಟು ವರ್ಷದಿಂದ ಆಸ್ಪತ್ರೆ ಮೀಟಿಂಗಲ್ಲಿ ನಾನು ಮಾಡ್ತಿರೋದು ಅದೇ.”

ಆ ಪ್ರಕಾರ ನಿತಿನ್ ಒಂದು ಪುಟ ಬರೆದುಕೊಂಡ. ಅರ್ಧ ಪುಟ ‘ಒಂದು ಕಡೆಯಿಂದ ನೋಡಿದರೆ’, ಇನ್ನರ್ಧ ಪುಟ ‘ಇನ್ನೊಂದು ಕಡೆಯಿಂದ ನೋಡಿದರೆ’.

ಐದಕ್ಕೆ ಸಭೆ ಸೇರಿತು. ಡೇನಿಯಲ್ಲನನ್ನು ಬಿಟ್ಟು ಹನ್ನೆರಡು ಜನ. ಅಭ್ಯರ್ಥಿಗೆ ಮತವಿರಲಿಲ್ಲ. ರೋಸಲಿಂಡ್ ಅರ್ಧ ಗಂಟೆ ಮಾತಾಡಿದಳು. ಅವಳು ಉಸಿರು ತೆಗೆದುಕೊಂಡಾಗಲೆಲ್ಲ ಎಲ್ಲರೂ ತಲೆಯಾಡಿಸಿದರು. ಆಡಿಸುವ ಮೊದಲು ಪಕ್ಕದವರು ಆಡಿಸಿದರೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡಿಕೊಂಡರು.

ನಿತಿನ್ ಎದ್ದು ಹಾಳೆ ಬಿಡಿಸಿದ. ಎದುರಿಗೆ, ಹಿಂದಿನ ಕುರ್ಚಿಯಲ್ಲಿ, ಡೇನಿಯಲ್ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ ಪಾಪ. ಅದನ್ನು ನೋಡಿ ನಿತಿನನಿಗೆ ‘ಒಂದು ಕಡೆಯಿಂದ’ ಮರೆತೇಹೋಯಿತು.

“ನನ್ನ ಅಜ್ಜಿ ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿಸ್ತಿರಲಿಲ್ಲ,” ಎಂದು ಶುರುಮಾಡಿದ. ಜನ ಕಣ್ಣು ಪಿಳಿಪಿಳಿ ಬಿಟ್ಟರು. “ಅದಕ್ಕೆ ಯಾರೂ ನಮ್ಮಜ್ಜಿಯನ್ನ, ದೆಹಲಿ ಸರ್ಕಾರದ ಮೇಲೆ ಹೇಳಿಕೆ ಕೊಡು ಅಂತ ಕೇಳಲಿಲ್ಲ. ನಾನಿಲ್ಲಿ ಎರಡು ವರ್ಷದಿಂದ ಇದೀನಿ, ನನ್ನನ್ನೂ ಯಾರೂ ಕೇಳಲಿಲ್ಲ. ಮಾರ್ಕೊನ್ನ ರೋಮ್ ಸರ್ಕಾರದ ಬಗ್ಗೆ ಕೇಳಿದೀರಾ? ಡೇನಿಯಲ್ ಇಲ್ಲೇ ಹುಟ್ಟಿದೋನು. ಅವನೊಬ್ಬನಿಗೆ ಮಾತ್ರ ಈ ಪರೀಕ್ಷೆ ಯಾಕೆ? ಯಹೂದಿ ಅಂತ ತಾನೆ? ಅದಕ್ಕೆ ಏನು ಹೆಸರು ಅಂತ ನಿಮಗೇ ಗೊತ್ತು. ಆ ಸರ್ಕಾರವನ್ನ ಬೈಬೇಕಾ, ಬನ್ನಿ, ಇಡೀ ರಾತ್ರಿ ವಾದ ಮಾಡೋಣ, ಟೀ ನಾನು ಮಾಡ್ತೀನಿ. ಆದರೆ ಸಹಿ ಹಾಕಿದೋನಿಗೆ ಮಾತ್ರ ಒಳಗೆ ಪ್ರವೇಶ ಅನ್ನೋದು ಚರ್ಚೆ ಅಲ್ಲ.”

ಕೂತ. ರೋಸಲಿಂಡಳ ಮುಖ ಟೊಮೇಟೊ ಹಣ್ಣಾಗಿತ್ತು. ಚೀಟಿ ಹಂಚಿದರು. ಎಲ್ಲರೂ ಅಂಗೈ ಮರೆಮಾಡಿ ಬರೆದು, ಮಡಿಚಿ, ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ನಿತಿನನೂ ಹಾಕಿದ.

ಎಣಿಕೆ ಮಾಡಿದ ಫಿಯೋನಾ ಎರಡು ಸಲ ಕೆಮ್ಮಿದಳು. “ಡೇನಿಯಲ್ ಪರ ಹನ್ನೊಂದು. ವಿರುದ್ಧ ಒಂದು.”

ಮೊದಲು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿಯೊಬ್ಬರೂ ತಾನೊಬ್ಬನೇ ಕದ್ದು ಪರವಾಗಿ ಹಾಕಿದೆ ಎಂದುಕೊಂಡಿದ್ದವರು! ರೋಸಲಿಂಡ್ ಕೂಡ. ಆಮೇಲೆ ನೋಡಿ, ಚಪ್ಪಾಳೆಯೋ ಚಪ್ಪಾಳೆ. ಮಾರ್ಕೊ ನಿತಿನನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. “ನಾನು ಮೊದಲಿಂದಲೂ ಇದನ್ನೇ ಹೇಳ್ತಿದ್ದೆ!” ಎಂದು ಹನ್ನೊಂದು ಜನ ಒಟ್ಟಿಗೆ ಹೇಳತೊಡಗಿದರು.

ಸಂಭ್ರಮ ಇಳಿದ ಮೇಲೆ ರೋಸಲಿಂಡ್ ಆ ಒಂದು ಚೀಟಿಯನ್ನು ದೀಪಕ್ಕೆ ಹಿಡಿದಳು. “ಯಾರದು ಇದು? ಮೇಲೆ ಏನೋ ಸುರುಳಿ ಗುರುತಿದೆ. ಯಾವುದೋ ಗುಪ್ತ ಸಂಘದ ಮುದ್ರೆ!”

ಮುದ್ರೆಯೂ ಅಲ್ಲ, ಸಂಘವೂ ಅಲ್ಲ. ಅದು ‘ಶ್ರೀ’. ಒಂದನೇ ಇಯತ್ತೆಯಿಂದ ಯಾವ ಹಾಳೆ ಸಿಕ್ಕರೂ ತಲೆಯ ಮೇಲೆ ಶ್ರೀ ಬರೆಯದೆ ಮುಂದಿನ ಅಕ್ಷರ ಬರೆದವನಲ್ಲ ನಿತಿನ್. ಬುದ್ಧಿ ಹೆದರಿ ಕೂತಿದ್ದರೂ ಕೈ ತನ್ನ ಕೆಲಸ ಮಾಡಿತ್ತು. ಹನ್ನೊಂದು ಮತ ಹೇಗೂ ಡೇನಿಯಲ್ ವಿರುದ್ಧ ಬೀಳುತ್ತವೆ, ತನ್ನದೊಂದು ಸೇರಿದರೆ ಅವನಿಗೇನು ನಷ್ಟ, ಹನ್ನೆರಡಕ್ಕೆ ಹನ್ನೆರಡಾದರೆ ರೋಸಲಿಂಡಳಿಗೆ ತೃಪ್ತಿ, ಚಂಪಾಳಿಗೆ ಮನೆ, ಎಂದು ಲೆಕ್ಕ ಹಾಕಿ, ಅಷ್ಟೆಲ್ಲ ಮಾತಾಡಿದವನು ವಿರುದ್ಧ ಬರೆದಿದ್ದ. ಈಗ ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತೇನೆ ಎಂದುಕೊಂಡ.

“ಇಂಥ ಮನಸ್ಸಿನವರಿಗೆ ನಮ್ಮಲ್ಲಿ ಜಾಗ ಇಲ್ಲ. ಹುಡುಕಿ ತಪ್ಪೊಪ್ಪಿಗೆಗೆ ಸಹಿ ಹಾಕಿಸಬೇಕು,” ಎಂದಳು ರೋಸಲಿಂಡ್. ಎಲ್ಲರೂ ತಲೆಯಾಡಿಸಿದರು. “ವಿಚಾರಣೆಗೆ ನಿತಿನನಿಗಿಂತ ಧೈರ್ಯಸ್ಥ ಯಾರಿದ್ದಾರೆ? ನಿತಿನ್, ನಿನ್ನ ಫ್ಲ್ಯಾಟಿನ ಅರ್ಜಿ ಸದ್ಯಕ್ಕೆ ಪಕ್ಕಕ್ಕಿಡ್ತೀನಿ. ಅವನನ್ನ ಹಿಡಿಯೋವರೆಗೂ ನೀನು ಹಾಸ್ಟೆಲ್ ಬಿಟ್ಟು ಹೋಗೋ ಹಾಗಿಲ್ಲ!”

ನಿತಿನ್ ಹೂಂ ಅಂದ.

ಅಡುಗೆಮನೆಗೆ ಬಂದು ತಳ ಹಿಡಿದ ಬಾಣಲೆ ಉಜ್ಜುತ್ತ, ಚಂಪಾಳಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಹೊಸ ಕಾರ್ಯದರ್ಶಿ ಡೇನಿಯಲ್ ಒಂದು ಕಾಗದ ತಂದು ಕೈಗಿತ್ತ. ವಿಚಾರಣಾಧಿಕಾರಿಯ ನೇಮಕಪತ್ರ. ಅದರ ನೆತ್ತಿಯ ಮೇಲೆ, ಮಗು ಬರೆದಂತೆ ಸೊಟ್ಟಸೊಟ್ಟಗೆ, ಒಂದು ‘ಶ್ರೀ’.

ನಿತಿನನ ಕೈಯಿಂದ ಬಾಣಲೆ ಜಾರಿತು.

“ಸರಿಯಾಗಿ ಬಂದಿದೆಯಾ?” ಎಂದ ಡೇನಿಯಲ್. “ಫ್ರಿಜ್ಜಿನ ಮೇಲೆ ನೀನು ಅಂಟಿಸೋ ಸಾಮಾನಿನ ಪಟ್ಟಿ ನೋಡಿ ಬರೆದೆ.”

“ಡೇನಿಯಲ್, ನಾನು...”

“ನಿಧಾನಕ್ಕೆ ಹುಡುಕು, ಅವಸರ ಏನಿಲ್ಲ,” ಎಂದು ಡೇನಿಯಲ್ ತನ್ನ ನೀಲಿ ಪಾತ್ರೆ ಒಲೆಯ ಮೇಲಿಟ್ಟು ಇಬ್ಬರಿಗೂ ಸಾಲುವಷ್ಟು ಹಾಲು ಸುರಿದ. “ಸಿಕ್ಕಿದಾಗ ಮಾತ್ರ ನನಗೆ ಹೇಳು. ಅವನ ಭಾಷಣ ಬಹಳ ಚೆನ್ನಾಗಿತ್ತು ಅಂತ ತಿಳಿಸಬೇಕು.”