ಮಸ್ಕತ್ತಿಗೆ ಹದಿನಾಲ್ಕು ಗಂಟೆ

ನಮ್ಮ ಶಿಡ್ಲಘಟ್ಟದ ಕಡೆ ಯಾವ ಊರು ಎಷ್ಟು ದೂರ ಎಂದು ಕೇಳಿದರೆ ಯಾರೂ ಕಿಲೋಮೀಟರು ಹೇಳುವುದಿಲ್ಲ, ಹೊತ್ತು ಹೇಳುತ್ತಾರೆ. ಚಿಂತಾಮಣಿ ಮುಕ್ಕಾಲು ಗಂಟೆ, ಗೌರಿಬಿದನೂರು ಎರಡು ಗಂಟೆ, ಬಸ್ಸು ಕೆಟ್ಟರೆ ಒಂದು ದಿನ. ಇದರಲ್ಲೊಂದು ಅನುಕೂಲವಿದೆ. ಕಿಲೋಮೀಟರಿಗೆ ರಸ್ತೆ ಬದಿಯ ಕಲ್ಲು ಸಾಕ್ಷಿ ಹೇಳುತ್ತದೆ; ಹೊತ್ತಿಗೆ ಸಾಕ್ಷಿಯಿಲ್ಲ, ಎಷ್ಟು ಬೇಕಾದರೂ ಎಳೆಯಬಹುದು. ಎಪ್ಪತ್ತೆರಡು ವರ್ಷದ ನಾನು ಈಗ ಒಪ್ಪಿಕೊಳ್ಳುತ್ತೇನೆ: ಎಳೆದೆ.

ನನ್ನ ಹೆಂಡತಿ ರತ್ನಮ್ಮನ ತಂಗಿ ಇರುವುದು ಮಸ್ಕತ್ತಿನಲ್ಲಿ. ಹೋದ ವರ್ಷ ಅವಳಿಗೆ ಆಪರೇಷನ್ ಎಂದಾಯಿತು. "ಅಕ್ಕಾ, ನೀನೊಬ್ಳು ಪಕ್ಕದಲ್ಲಿದ್ರೆ ಸಾಕು ಕಣೇ" ಎಂದು ಫೋನಿನಲ್ಲಿ ಅತ್ತಳು. ಪಾಸ್‌ಪೋರ್ಟ್ ಮೊದಲೇ ಮಾಡಿಸಿದ್ದಾಗಿತ್ತು. ಆದರೆ ಆಗಷ್ಟೇ ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಎದ್ದ ಮೇಲೆ ಅವು ತಿನ್ನುವ ಸೊಪ್ಪು ನೋಡಿದರೆ ಸಾಕಿದವನಿಗೇ ಜ್ವರ ಬರಬೇಕು. ಹುಳುಗಳಿಗೂ ನನಗೂ ಹೊತ್ತುಹೊತ್ತಿಗೆ ಹಾಕುವವಳು ರತ್ನಮ್ಮ.

"ರೀ, ವಿಮಾನದಲ್ಲಿ ಎಷ್ಟು ಹೊತ್ತಾಗುತ್ತೆ?" ಎಂದು ಕೇಳಿದಳು.

"ಹದಿನಾಲ್ಕು ಗಂಟೆ" ಎಂದೆ.

"ಮಧ್ಯೆ ಕಾಫಿಗೂ ನಿಲ್ಲಿಸಲ್ವಾ?"

"ಆಕಾಶದಲ್ಲಿ ಎಲ್ಲಿ ನಿಲ್ಲಿಸ್ತಾರೆ?"

ಮೊದಲೇ ಮಂಡಿ ನೋವಿನವಳು. ತಂಗಿಗೆ "ಅಷ್ಟು ಹೊತ್ತು ಕೂರಕ್ಕಾಗಲ್ಲ ಕಣೇ" ಎಂದಳು. ಎಷ್ಟು ಹೊತ್ತು ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ನಾನು ಬಚಾವಾದೆ. ಆ ಸಲ ಗೂಡಿಗೆ ಒಳ್ಳೆಯ ಬೆಲೆಯೂ ಸಿಕ್ಕಿತು, ಪಾಪಕ್ಕೆ ಬಹುಮಾನದ ಹಾಗೆ.

ಹೋದ ತಿಂಗಳು ನನ್ನ ಹೈಸ್ಕೂಲ್ ಗೆಳೆಯ, ಅಲೀಪುರದ ಹುಸೇನ್ ಮನೆಗೆ ಬಂದ. ಮಗಳನ್ನು ನೋಡಲು ಗಂಡ ಹೆಂಡತಿ ಮಸ್ಕತ್ತಿಗೆ ಹೊರಟಿದ್ದರು. ರತ್ನಮ್ಮ ಮರುಗಿದಳು: "ಹದಿನಾಲ್ಕು ಗಂಟೆ ಹೆಂಗಣ್ಣ ಕೂರ್ತೀರಾ?"

"ಯಾವನ್ ಹೇಳಿದ್ದು ತಂಗೆಮ್ಮಾ? ಮೂರೂವರೆ ಗಂಟೆ. ನಾಷ್ಟ ಮಾಡಿ ಹತ್ತಿದ್ರೆ ಊಟಕ್ಕೆ ಮಸ್ಕತ್ತು!"

ನಾನು ಎದ್ದು ಸೊಪ್ಪು ನೋಡಲು ಹೋದೆ. ಸೊಪ್ಪಿಗೆ ಏನೂ ಆಗಿರಲಿಲ್ಲ.

ಹುಸೇನ್ ಹೋದ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿದೆ. "ತಂಗೀನ ಆಪರೇಷನ್‌ಗೆ ಕರ್ಕೊಂಡು ಹೋಗುವಾಗ ಕೈ ಹಿಡ್ಕೊಳಕ್ಕೆ ಯಾರೂ ಇರಲಿಲ್ವಂತೆ ಕಣ್ರೀ" ಎಂದಷ್ಟೇ ಅಂದಳು.

ತಂಗಿಗೆ ಇನ್ನೊಂದು ಆಪರೇಷನ್ ಬಾಕಿಯಿತ್ತು. ಹುಸೇನ್ ದಂಪತಿಯ ಜೊತೆಗೇ ರತ್ನಮ್ಮನಿಗೂ ಟಿಕೆಟ್ ಮಾಡಿಸಿದೆ. ಟಿಕೆಟ್‌ನಲ್ಲಿ ಬೆಂಗಳೂರು ಬಿಡುವುದು ಹತ್ತಕ್ಕೆ, ಮಸ್ಕತ್ತು ಸೇರುವುದು ಹನ್ನೆರಡಕ್ಕೆ ಎಂದಿತ್ತು. ಎರಡೇ ಗಂಟೆ! ಹುಸೇನನೂ ಒಂದೂವರೆ ಗಂಟೆ ಎಳೆದಿದ್ದಾನೆ, ನಾನೊಬ್ಬನೇ ಅಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಬೆಳಿಗ್ಗೆಯೇ ಅವಳನ್ನು ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದು ಗಡಿಯಾರದ ಮುಂದೆ ಕೂತೆ. ಹನ್ನೆರಡಾಯಿತು, ಫೋನಿಲ್ಲ. ಹನ್ನೆರಡೂಕಾಲು. ಹುಸೇನನ ಫೋನೂ ಸತ್ತಿತ್ತು. ಹನ್ನೆರಡೂಮುಕ್ಕಾಲಿಗೆ ವಿಮಾನ ಸಮುದ್ರಕ್ಕೆ ಬಿದ್ದಿತ್ತು; ಒಂದು ಗಂಟೆಗೆ ನಾನು ದೇವರಲ್ಲಿ ಎಲ್ಲವನ್ನೂ ಒಪ್ಪಿಕೊಂಡಾಗಿತ್ತು, ಕೇಳದೇ ಇದ್ದದ್ದನ್ನೂ. ಹುಳುಗಳು ಹಸಿದುಕೊಂಡು ನನ್ನನ್ನೇ ನೋಡುತ್ತಿದ್ದವು.

ಎರಡೂವರೆಗೆ ಫೋನು ಬಂತು.

"ಎಲ್ಲಿ ಹಾಳಾಗಿ ಹೋಗಿದ್ದೆ? ಹನ್ನೆರಡಕ್ಕೆ ಬರಬೇಕಿತ್ತಲ್ಲ!"

"ಹನ್ನೆರಡಕ್ಕೇ ಇಳಿದ್ವಿ ಕಣ್ರೀ, ಇಲ್ಲಿ ಈಗಿನ್ನೂ ಒಂದು ಗಂಟೆ. ಇವ್ರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಯಾಕೆ ಹಂಗೆ ಏದುಸಿರು ಬಿಡ್ತಿದೀರಾ?"

ಹಿಂದೆ ಅವಳ ತಂಗಿ ಅಳುತ್ತ ನಗುವುದು ಕೇಳಿಸಿತು.

"ಹುಳಕ್ಕೆ ಸೊಪ್ಪು ಹಾಕಿದ್ರಾ? ಊಟ ಮಾಡಿದ್ರಾ?"

"ಎಲ್ಲಾ ಆಯ್ತು, ಆರಾಮಾಗಿದೀನಿ" ಎಂದೆ.

ಅದೂ ಸುಳ್ಳೇ.