ಜಿಲ್ಲೆ ರದ್ದಾಯಿತು, ‘ತಾವು’ ಉಳಿಯಿತು

ಪ್ರಾಂತ್ಯದ ಗಡಿ ವಿಂಗಡಣೆ ಕಚೇರಿಯ ಘನವೆತ್ತ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಪ್ರಷ್ಯಾದ ಭೂಪಟವನ್ನು ಕತ್ತರಿಸಿ ಹೊಲಿಯುವ ತಮ್ಮ ಕೈಗಳಿಗೆ, ಆ ಕತ್ತರಿಗೆ ಸಿಕ್ಕ ಒಂದು ಚಿಂದಿಯ ನಮಸ್ಕಾರಗಳು.

ಮೂರು ವರ್ಷದ ಹಿಂದೆ ತಾವು ಅಕ್ಕಪಕ್ಕದ ಎರಡು ಜಿಲ್ಲೆಗಳಿಗೆ ಬೇಡವಾದ ಜೌಗುನೆಲವನ್ನೂ ಹಳ್ಳಿಗಳನ್ನೂ ಕೂಡಿಸಿ ಗ್ರೋಲ್‌ವಿಟ್ಸ್ ಎಂಬ ಜಿಲ್ಲೆಯನ್ನು ಸೃಷ್ಟಿಸಿ, ಧಾನ್ಯದ ಗೋದಾಮಿನ ಅಟ್ಟದಲ್ಲಿ ಅದಕ್ಕೊಂದು ಕಚೇರಿ ತೆರೆದು, ನನ್ನ ಯಜಮಾನರನ್ನು ಜಿಲ್ಲಾಧಿಕಾರಿಯಾಗಿ ಕೂರಿಸಿದಿರಿ. ಗಂಡನ ಹುದ್ದೆ ಹೆಂಡತಿಯ ಹೆಸರಿಗೂ ಅಂಟುವುದು ನಮ್ಮ ಪದ್ಧತಿಯಾದ್ದರಿಂದ ಬೆಳಗಾಗುವುದರೊಳಗೆ ನಾನು ‘ಜಿಲ್ಲಾಧಿಕಾರಿ ಅಮ್ಮನವರು’ ಆದೆ. ಯಾರ ಮನೆಯ ಕಾಫಿ ಕೂಟಕ್ಕೆ ಹೋದರೂ ಸೋಫಾ ನನ್ನದು, ಉಳಿದವರಿಗೆ ಕುರ್ಚಿ. ಆ ಜೌಗಿನಲ್ಲಿ ಕಪ್ಪೆಗಳನ್ನು ಬಿಟ್ಟರೆ ಅಷ್ಟು ಉಬ್ಬಿದವಳು ನಾನೊಬ್ಬಳೇ.

ಔಷಧದಂಗಡಿಯವರ ಹೆಂಡತಿ ಒಟ್ಟೀಲಿಯೆ ನನ್ನ ಬಾಲ್ಯದ ಗೆಳತಿ. ‘ಏನೇ ಮಿನ್ನಾ’ ಎನ್ನುತ್ತಿದ್ದವಳು ಅಂದಿನಿಂದ ‘ಅಮ್ಮಾವ್ರೇ, ತಾವು ಇನ್ನೊಂಚೂರು ಕೇಕ್ ತಗೋಬೇಕು’ ಎನ್ನತೊಡಗಿದಳು. ಹಾಗೆನ್ನಬೇಡವೆಂದು ಹೇಳಲು ಬಾಯಿ ತೆರೆದೆ. ಆದರೆ ಸೋಫಾ ಬಹಳ ಮೆತ್ತಗಿತ್ತು.

ಈಗ ತಾವು ಕೃಪೆಯಿಟ್ಟು ಜಿಲ್ಲೆಯನ್ನು ಎರಡು ಹೋಳು ಮಾಡಿ ಹಳೆಯ ಜಿಲ್ಲೆಗಳಿಗೇ ಮರಳಿಸಿದ್ದೀರಿ. ‘ಹೋಯ್ತು ಕಣೇ ಜಿಲ್ಲೆ, ಇನ್ನು ನೆಮ್ಮದಿಯಾಗಿ ಎಲೆಕೋಸು ಹಾಕೋಣ’ ಎಂದು ಯಜಮಾನರು ಗುದ್ದಲಿ ಹಿಡಿದರು. ತಮ್ಮ ಆದೇಶ ಅದೆಷ್ಟು ಪರಿಪೂರ್ಣವೆಂದರೆ, ಬೆಂಕಿ ಆರಿಸುವ ಪಂಪು ಯಾವ ಜಿಲ್ಲೆಗೆ, ಅದನ್ನು ಎಳೆಯುವ ಕುದುರೆ ಯಾವ ಜಿಲ್ಲೆಗೆ ಎಂಬುದೂ ಅದರಲ್ಲಿದೆ. ಒಟ್ಟೀಲಿಯೆಯ ‘ತಾವು’ ಯಾರ ಪಾಲಿಗೆ ಎಂಬುದೊಂದಿಲ್ಲ. ನಾನು ಸೋಫಾದಿಂದಿಳಿದು ಕುರ್ಚಿಗೆ ಬಂದರೂ ಅವಳು ‘ತಾವು’ ಬಿಟ್ಟಿಲ್ಲ. ಬಿಡು ಎಂದು ಕೇಳಲು ನನಗೆ ನಾಚಿಕೆ. ನಿಜ ಹೇಳುತ್ತೇನೆ, ಅವಳು ಎದುರಿಗೇ ಕೂತಿದ್ದರೂ ಅವಳಿಲ್ಲದಂತಾಗಿ ಬಹಳ ಬೇಸರವಾಗಿದೆ.

ಆದ್ದರಿಂದ ಗೆಳತಿಯ ಬಾಯಲ್ಲಿ ನನ್ನನ್ನು ಪುನಃ ‘ನೀನು’ ಎಂಬ ಸ್ಥಾನಕ್ಕೆ ಮರುನೇಮಕ ಮಾಡಿ, ಜಿಲ್ಲೆ ಹುಟ್ಟಿದ ದಿನದಿಂದಲೇ ಅನ್ವಯವಾಗುವಂತೆ ಆದೇಶ ಹೊರಡಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಅದಾಗದಿದ್ದರೆ ನಮ್ಮ ಅಡುಗೆಮನೆಯಷ್ಟನ್ನೇ ಒಂದು ಜಿಲ್ಲೆಯೆಂದು ಘೋಷಿಸಿ ಅವಳ ಗಂಡನನ್ನು ಅದರ ಅಧಿಕಾರಿ ಮಾಡಿ; ಮೂರು ವರ್ಷ ನಾನೇ ಅವಳನ್ನು ‘ಅಮ್ಮಾವ್ರೇ’ ಎಂದು ಕರೆಯುತ್ತೇನೆ.

ಸದ್ಯಕ್ಕೆ ಯಾವ ಜಿಲ್ಲೆಗೂ ಸೇರದ,
ತಮ್ಮ ವಿಶ್ವಾಸಿ,
ಮಾಜಿ ಅಮ್ಮನವರು ವಿಲ್ಹೆಲ್ಮೀನ್ ರೋಡೆ

ವಿ.ಸೂ.: ಜಿಲ್ಲೆ ಸತ್ತ ಮೇಲೆ ತಾವು ಕಳಿಸಿಕೊಟ್ಟ ಅದರ ಹಿತ್ತಾಳೆ ಮೊಹರು ನಿನ್ನೆ ಕೈಸೇರಿತು. ಬಿಸ್ಕತ್ತಿನ ಹಿಟ್ಟಿನ ಮೇಲೆ ಒತ್ತಿದರೆ ಅದರಲ್ಲಿನ ರಾಜಲಾಂಛನದ ಹದ್ದು ಚೆನ್ನಾಗಿ ಮೂಡುತ್ತದೆ. ಒಟ್ಟೀಲಿಯೆ ಒಂದರ ರೆಕ್ಕೆ ಕಚ್ಚಿ, ‘ಥೂ, ಉಪ್ಪು ಸುರಿದುಬಿಟ್ಟಿದ್ದೀಯಲ್ಲೇ ಮಿನ್ನಾ!’ ಎಂದಳು. ಮನವಿಯನ್ನು ಹಿಂತೆಗೆದುಕೊಂಡಿದ್ದೇನೆ. ಮೊಹರನ್ನು ಮಾತ್ರ ವಾಪಸು ಕೇಳಬೇಡಿ. ತಮ್ಮ ಕಚೇರಿಯಿಂದ ಈ ಜಿಲ್ಲೆಗೆ ಆದ ಉಪಕಾರ ಅದೊಂದೇ.